ನೆನಪನ್ನು ಯಾರ ವಶಕ್ಕೆ ಒಪ್ಪಿಸಬೇಕು: ದಿನನಿತ್ಯದ ಕೆಲಸಕ್ಕೆ ಆ್ಯಪ್‌ಗಳ ಆಯ್ಕೆ

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ 'ದಿನನಿತ್ಯದ ಕೆಲಸಕ್ಕೆ ಬೇಕೇ ಬೇಕಾದ ಆ್ಯಪ್‌ಗಳು' ಎಂಬುದು. ಹತ್ತು ಹೆಸರುಗಳನ್ನು ಬರೆದುಕೊಂಡು ಹೋಗೋಣ ಎಂದು ಬಂದವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ಹೆಸರುಗಳನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ, ಸಂದರ್ಭ ಬಂದಾಗ ಹೇಳುತ್ತೇನೆ. ಆದರೆ ಇಂದು ಬರೆದುಕೊಂಡ ಹೆಸರು ಮೂರು ವರ್ಷದ ನಂತರ ಇರುತ್ತದೆಂಬ ಖಾತರಿಯಿಲ್ಲ. ಆರಿಸುವ ಬಗೆ ತಿಳಿದಿದ್ದರೆ ಅದು ಹತ್ತು ವರ್ಷ ಕಳೆದರೂ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಈ ಹೊತ್ತಿನ ಬಹುಪಾಲನ್ನು ಆರಿಸುವ ಬಗೆಗೇ ಮೀಸಲಿಡುತ್ತೇನೆ.

2007ರಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬಂದಾಗ ಅದರಲ್ಲಿ ಹೊರಗಿನವರು ತಯಾರಿಸಿದ ಆ್ಯಪ್‌ಗಳನ್ನು ಹಾಕಿಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ. ಮರುವರ್ಷದ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆದಾಗ ಅಲ್ಲಿದ್ದದ್ದು ಸುಮಾರು 500 ಆ್ಯಪ್‌ಗಳು. ಅಷ್ಟನ್ನು ಒಬ್ಬ ಮನುಷ್ಯ ಒಂದು ವಾರ ಕುಳಿತು ನೋಡಿ ಮುಗಿಸಬಹುದಾಗಿತ್ತು. ಈಗ ಆ್ಯಪಲ್ ಮತ್ತು ಗೂಗಲ್‌ನ ಎರಡು ದೊಡ್ಡ ಆ್ಯಪ್ ಮಳಿಗೆಗಳಲ್ಲಿರುವ ಆ್ಯಪ್‌ಗಳ ಲೆಕ್ಕ ಲಕ್ಷಗಳಲ್ಲಿದೆ. ಇಷ್ಟರ ನಡುವೆ ಯಾವುದು ಉತ್ತಮ ಎಂದು ಹುಡುಕಲು ಹೊರಟವರಿಗೆ ಹುಡುಕಾಟವೇ ಕೆಲಸವಾಗಿಬಿಡುತ್ತದೆ. ಹೊಸ ಆ್ಯಪ್ ಹಾಕಿಕೊಂಡು, ಅದರ ಬಣ್ಣ ಬದಲಿಸಿ, ವಿಭಾಗಗಳನ್ನು ಮಾಡಿ, ಹಳೆಯ ಪಟ್ಟಿಯನ್ನು ಅದಕ್ಕೆ ಸಾಗಿಸುವಷ್ಟರಲ್ಲಿ ಒಂದು ಸಂಜೆ ಕಳೆದಿರುತ್ತದೆ, ಪಟ್ಟಿಯಲ್ಲಿದ್ದ ಕೆಲಸ ಮಾತ್ರ ಹಾಗೆಯೇ ಉಳಿದಿರುತ್ತದೆ.

ನಾನು ಈ ವಿಷಯವನ್ನು ನೋಡುವುದು ಹೀಗೆ. 'ಮಂಗಳವಾರ ಹತ್ತು ಗಂಟೆಗೆ ವೈದ್ಯರ ಭೇಟಿ' ಎಂದು ಫೋನಿನಲ್ಲಿ ಬರೆದಿಟ್ಟ ಕ್ಷಣದಿಂದ ನಾವು ಅದನ್ನು ಮರೆಯಲು ಆರಂಭಿಸುತ್ತೇವೆ. ಬರೆದಿಡುವ ಉದ್ದೇಶವೂ ಅದೇ. ಅಂದರೆ ನಮ್ಮ ನೆನಪಿನ ಒಂದು ತುಣುಕನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸಿರುತ್ತೇವೆ. ಬೆಲೆಬಾಳುವ ವಸ್ತುವನ್ನು ಯಾರ ಬಳಿಯಾದರೂ ಇಡುವ ಮುನ್ನ ನಾವು ಏನೇನು ಯೋಚಿಸುತ್ತೇವೆಯೋ ಅದನ್ನೆಲ್ಲ ಇಲ್ಲಿಯೂ ಯೋಚಿಸಬೇಕು: ಕೊಟ್ಟಾಗ ತಡಮಾಡದೆ ತೆಗೆದುಕೊಳ್ಳುತ್ತದೆಯೇ, ಬೇಕಾದ ಹೊತ್ತಿಗೆ ತಪ್ಪದೆ ಹಿಂದಿರುಗಿಸುತ್ತದೆಯೇ, ಬೇರೆಯವರಿಗೆ ತೋರಿಸದೆ ಇರುತ್ತದೆಯೇ, ಸಂಬಂಧ ಸಾಕೆನಿಸಿದ ದಿನ ಎಲ್ಲವನ್ನೂ ಒಟ್ಟಾಗಿ ಕೈಗೆ ಕೊಟ್ಟು ಕಳುಹಿಸುತ್ತದೆಯೇ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಸಂಬಂಧಿಸಿದ ಹಳೆಯ ಕೆಲಸವೊಂದಿದೆ. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಬ್ಲೂಮಾ ಜೈಗಾರ್ನಿಕ್ ಅವರು, ಮುಗಿಸಿದ ಕೆಲಸಗಳಿಗಿಂತ ನಡುವೆ ನಿಂತುಹೋದ ಕೆಲಸಗಳೇ ಜನರ ನೆನಪಿನಲ್ಲಿ ಹೆಚ್ಚು ಉಳಿಯುತ್ತವೆ ಎಂದು 1927ರಲ್ಲಿ ಪ್ರಕಟಿಸಿದರು. ನಂತರ ಅದೇ ಪ್ರಯೋಗವನ್ನು ಮಾಡಿದ ಎಲ್ಲರಿಗೂ ಅದೇ ಫಲಿತಾಂಶ ದೊರೆಯಲಿಲ್ಲವಾದ್ದರಿಂದ ಅದನ್ನು ಅಂತಿಮ ಸತ್ಯವೆಂದು ನಾನು ಹೇಳುವುದಿಲ್ಲ. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಮಾಸಿಕಾಂಪೋ ಮತ್ತು ರಾಯ್ ಬೌಮೈಸ್ಟರ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನ. ಬಾಕಿಯಿರುವ ಕೆಲಸವನ್ನು ಮುಗಿಸದಿದ್ದರೂ, ಅದನ್ನು ಯಾವಾಗ, ಹೇಗೆ ಮಾಡುತ್ತೇನೆಂದು ಖಚಿತವಾಗಿ ಯೋಜಿಸಿಕೊಂಡವರಲ್ಲಿ ಆ ಕೆಲಸದ ಚಿಂತೆ ಬೇರೆ ಕೆಲಸಕ್ಕೆ ಅಡ್ಡಬರುವುದು ಕಡಿಮೆಯಾಯಿತು ಎಂಬುದು ಅವರು ಕಂಡುಕೊಂಡ ವಿಷಯ. ಮನಸ್ಸು ಕೇಳುವುದು ಕೆಲಸ ಮುಗಿಯಲಿ ಎಂದಲ್ಲ, ಅದು ಕೈತಪ್ಪುವುದಿಲ್ಲವೆಂಬ ಭರವಸೆಯನ್ನು. ಆ ಭರವಸೆಯನ್ನು ಕೊಡಲಾಗದ ಆ್ಯಪ್ ಎಷ್ಟೇ ಸುಂದರವಾಗಿದ್ದರೂ ನಾವು ಅದರಲ್ಲಿಯೂ ಬರೆಯುತ್ತೇವೆ, ತಲೆಯಲ್ಲಿಯೂ ಹೊತ್ತು ತಿರುಗುತ್ತೇವೆ. ಎರಡು ಪಟ್ಟು ಭಾರ.

ಈ ಮಾತನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನು ಟಿಪ್ಪಣಿಗಳಿಗಾಗಿ ಒಂದು ಆ್ಯಪ್ ಬಳಸುತ್ತಿದ್ದೆ. ಓದಿದ್ದರ ಸಾರ, ಮನೆಯ ಕಾಗದಪತ್ರಗಳ ವಿವರ, ತಂದೆಯವರು ಆಸ್ಪತ್ರೆಯಲ್ಲಿದ್ದಾಗ ಪ್ರತಿದಿನ ಬರೆದಿಟ್ಟ ಔಷಧಗಳ ಲೆಕ್ಕ, ಎಲ್ಲವೂ ಅದರಲ್ಲಿದ್ದವು. ಫೋನು ಕೆಟ್ಟಿತು. ಹೊಸ ಫೋನಿನಲ್ಲಿ ಅದೇ ಆ್ಯಪ್ ಹಾಕಿಕೊಂಡು ತೆರೆದಾಗ ಒಂದು ಟಿಪ್ಪಣಿಯೂ ಇರಲಿಲ್ಲ. ಬರೆದದ್ದೆಲ್ಲ ಆ ಒಂದು ಫೋನಿನ ಒಳಗೆ ಮಾತ್ರ ಉಳಿಯುತ್ತಿತ್ತೆಂದೂ, ಹೊರಗೆ ಪ್ರತಿ ಇಡುವ ಸೌಲಭ್ಯವನ್ನು ನಾನೇ ಚಾಲೂ ಮಾಡಬೇಕಿತ್ತೆಂದೂ ಆಗ ತಿಳಿಯಿತು. ಹೋದ ಟಿಪ್ಪಣಿಗಳಲ್ಲಿ ಹೆಚ್ಚಿನವು ಮತ್ತೆ ಬರೆಯಬಹುದಾದವು. ತಂದೆಯವರ ಕೊನೆಯ ತಿಂಗಳುಗಳ ಆ ಲೆಕ್ಕ ಹಾಗಲ್ಲ.

ಆದ್ದರಿಂದ ಮಳಿಗೆಯನ್ನು ತೆರೆಯುವ ಮೊದಲು ಒಂದು ವಾರ ಸುಮ್ಮನೆ ಗಮನಿಸಿರಿ ಎಂದು ಕೇಳಿಕೊಳ್ಳುತ್ತೇನೆ. ಆ ವಾರದಲ್ಲಿ ಏನೇನು ಕೈತಪ್ಪಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮರೆತ ಕರೆ, ತಡವಾಗಿ ಕಟ್ಟಿದ ಬಿಲ್, ಎಲ್ಲಿಟ್ಟೆನೆಂದು ಅರ್ಧ ಗಂಟೆ ಹುಡುಕಿದ ದಾಖಲೆ, ಮೂರು ಸಲ ಬದಲಿಸಿದ ಪಾಸ್‌ವರ್ಡ್. ಒಬ್ಬರ ಹಾಳೆಯಲ್ಲಿ ಸಮಯ ತಪ್ಪಿದ ಕೆಲಸಗಳೇ ತುಂಬಿರುತ್ತವೆ, ಇನ್ನೊಬ್ಬರದರಲ್ಲಿ ಸಿಗದ ಕಾಗದಗಳೇ ಇರುತ್ತವೆ. ಮೊದಲಿನವರಿಗೆ ಬೇಕಾದದ್ದು ಕ್ಯಾಲೆಂಡರ್, ಎರಡನೆಯವರಿಗೆ ಸ್ಕ್ಯಾನರ್. ಇಬ್ಬರೂ ಒಂದೇ 'ಅತ್ಯುತ್ತಮ ಆ್ಯಪ್‌ಗಳ' ಪಟ್ಟಿಯನ್ನು ಓದಿ ಒಂದೇ ಆ್ಯಪ್ ಹಾಕಿಕೊಂಡರೆ ಒಬ್ಬರಿಗಂತೂ ಅದು ನಿಷ್ಪ್ರಯೋಜಕ.

ಇನ್ನೊಂದು ವಿಷಯ, ಬೇಕಾದದ್ದರ ಬಹುಪಾಲು ಫೋನಿನಲ್ಲಿ ಈಗಾಗಲೇ ಇರುತ್ತದೆ. ಕಾಗದವನ್ನು ಸ್ಕ್ಯಾನ್ ಮಾಡಲು ಎಷ್ಟೋ ಜನ ಜಾಹೀರಾತು ತುಂಬಿದ ಆ್ಯಪ್‌ಗಳನ್ನು ಹುಡುಕಿ ಹಾಕಿಕೊಳ್ಳುತ್ತಾರೆ. ಐಫೋನಿನ ನೋಟ್ಸ್‌ನಲ್ಲಿ ಆ ಸೌಲಭ್ಯ 2017ರಿಂದಲೇ ಇದೆ, ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್ ಆ ಕೆಲಸವನ್ನು ಮಾಡುತ್ತದೆ. ಫೋನಿನ ಜೊತೆಗೇ ಬಂದ ಆ್ಯಪ್ ಎರಡು ವಾರ ಬಳಸಿದ ಮೇಲೂ ನಿಮ್ಮ ಯಾವ ಅಗತ್ಯವನ್ನು ಪೂರೈಸಲಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವಾದರೆ ಮಾತ್ರ ಹೊಸದನ್ನು ಹುಡುಕಿರಿ. ಆ ವಾಕ್ಯವೇ ನಿಮ್ಮ ಹುಡುಕಾಟದ ಅಳತೆಗೋಲಾಗುತ್ತದೆ.

ಈಗ ಕ್ಯಾಲೆಂಡರ್ ಮತ್ತು ಕೆಲಸದ ಪಟ್ಟಿಯ ವಿಷಯಕ್ಕೆ ಬರೋಣ. ಇವೆರಡನ್ನೂ ಕಲಸಿಬಿಡುವುದರಿಂದ ಆಗುವ ತೊಂದರೆ ಬಹಳ. ನಿರ್ದಿಷ್ಟ ದಿನ, ನಿರ್ದಿಷ್ಟ ಗಂಟೆ ಇರುವುದು ಮಾತ್ರ ಕ್ಯಾಲೆಂಡರಿಗೆ ಸೇರಬೇಕು. 'ಹಳೆಯ ಪುಸ್ತಕಗಳನ್ನು ಜೋಡಿಸಬೇಕು' ಎಂಬಂಥ ಕೆಲಸವನ್ನು ಭಾನುವಾರ ನಾಲ್ಕು ಗಂಟೆಗೆಂದು ಕ್ಯಾಲೆಂಡರಿನಲ್ಲಿ ಹಾಕಿ, ಮಾಡದೆ ಮುಂದೂಡಿ, ಮತ್ತೆ ಮುಂದೂಡಿದರೆ, ಕ್ಯಾಲೆಂಡರ್ ಹೇಳುವುದನ್ನು ನಂಬದಿರುವ ಅಭ್ಯಾಸ ಬೆಳೆಯುತ್ತದೆ. ಒಂದು ದಿನ ನಿಜವಾದ ಭೇಟಿಯೂ ಆ ಅಭ್ಯಾಸಕ್ಕೆ ಬಲಿಯಾಗುತ್ತದೆ. ದಿನಾಂಕವಿಲ್ಲದ ಕೆಲಸಗಳಿಗೆ ಬೇರೆ ಪಟ್ಟಿ ಇರಲಿ. ಗೂಗಲ್ ಟಾಸ್ಕ್ಸ್, ಮೈಕ್ರೋಸಾಫ್ಟ್ ಟು ಡು, ಆ್ಯಪಲ್‌ನ ರಿಮೈಂಡರ್ಸ್, ಟುಡೂಯಿಸ್ಟ್ ಇವುಗಳಲ್ಲಿ ಯಾವುದಾದರೂ ಆದೀತು. ಇವುಗಳ ನಡುವಿನ ವ್ಯತ್ಯಾಸ, ಇವನ್ನು ಹೋಲಿಸುವ ಲೇಖನಗಳು ಹೇಳುವಷ್ಟು ದೊಡ್ಡದಲ್ಲ.

ದೊಡ್ಡ ವ್ಯತ್ಯಾಸ ಇರುವುದು ಬೇರೆಡೆ. ಜ್ಞಾಪನೆ ಸರಿಯಾದ ಹೊತ್ತಿಗೆ ಬರುತ್ತದೆಯೇ? ಬ್ಯಾಟರಿ ಉಳಿಸುವುದಕ್ಕಾಗಿ ಆಂಡ್ರಾಯ್ಡ್ ತನ್ನ 6.0 ಆವೃತ್ತಿಯಿಂದ, ಅಂದರೆ 2015ರಿಂದ, ಫೋನು ಅಲುಗಾಡದೆ ಬಿದ್ದಿರುವಾಗ ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನು ತಡೆಹಿಡಿಯುವ 'ಡೋಜ್' ಎಂಬ ವ್ಯವಸ್ಥೆಯನ್ನು ಇಟ್ಟುಕೊಂಡಿದೆ. ಇದರ ಮೇಲೆ ಕೆಲವು ತಯಾರಕರು ತಮ್ಮದೇ ಆದ ಇನ್ನೂ ಬಿಗಿಯಾದ ನಿಯಮಗಳನ್ನು ಹೇರುತ್ತಾರೆ. ಆಂಡ್ರಾಯ್ಡ್ 14ರಿಂದೀಚೆಗೆ ಹೊಸದಾಗಿ ಹಾಕಿಕೊಂಡ ಹೆಚ್ಚಿನ ಆ್ಯಪ್‌ಗಳಿಗೆ ನಿಖರವಾದ ನಿಮಿಷಕ್ಕೆ ಅಲಾರಂ ಕೊಡುವ ಅನುಮತಿ ತಾನಾಗಿ ಸಿಗುವುದಿಲ್ಲ. ಬಳಕೆದಾರರೇ ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು. ಹೀಗಾಗಿ ಬೆಳಿಗ್ಗೆ ಆರಕ್ಕೆ ಬರಬೇಕಾದ ಜ್ಞಾಪನೆ ನೀವು ಫೋನನ್ನು ಕೈಗೆತ್ತಿಕೊಂಡ ಆರೂ ನಲವತ್ತಕ್ಕೆ ಬರುವ ಸಾಧ್ಯತೆಯಿದೆ. ಆ್ಯಪ್ ಕೆಟ್ಟದ್ದೆಂದು ನಾವು ಬೈಯುತ್ತೇವೆ, ಕಾರಣ ಬೇರೆಯೇ ಇರುತ್ತದೆ.

ಇದಕ್ಕೆ ಒಂದು ಸರಳ ಪರೀಕ್ಷೆಯಿದೆ. ಹೊಸ ಆ್ಯಪ್ ಹಾಕಿದ ರಾತ್ರಿಯೇ, ಮುಖ್ಯವಲ್ಲದ ಒಂದು ಜ್ಞಾಪನೆಯನ್ನು ಬೆಳಗಿನ ಹೊತ್ತಿಗೆ ಇಟ್ಟು, ಫೋನನ್ನು ಚಾರ್ಜಿಗೆ ಹಾಕದೆ ಮೇಜಿನ ಮೇಲಿಟ್ಟು ಮಲಗಿರಿ. ಎದ್ದ ಮೇಲೆ ಫೋನನ್ನು ಮುಟ್ಟದೆ ಕಾಯಿರಿ. ಹೊತ್ತಿಗೆ ಸರಿಯಾಗಿ ಸದ್ದಾಯಿತೇ? ಆಗದಿದ್ದರೆ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ ಕೊಟ್ಟು, ಅಲಾರಂ ಅನುಮತಿಯನ್ನೂ ಕೊಟ್ಟು, ಮರುದಿನ ಮತ್ತೆ ನೋಡಿರಿ. ಮೂರು ದಿನ ತಪ್ಪದೆ ಬಂದರೆ ಮಾತ್ರ ಔಷಧದ ಹೊತ್ತನ್ನೋ ರೈಲಿನ ಹೊತ್ತನ್ನೋ ಅದಕ್ಕೆ ಒಪ್ಪಿಸಿರಿ. ಮಳಿಗೆಯಲ್ಲಿ ಆ್ಯಪ್‌ಗೆ ಸಿಕ್ಕ ನಕ್ಷತ್ರಗಳ ಲೆಕ್ಕ, ಬಳಕೆದಾರರ ಹೊಗಳಿಕೆ, ಯಾವುದೂ ಈ ಪರೀಕ್ಷೆಗೆ ಸಮವಲ್ಲ, ಏಕೆಂದರೆ ಅವರು ಬರೆದದ್ದು ತಮ್ಮ ಫೋನಿನ ಅನುಭವವನ್ನು.

ಟಿಪ್ಪಣಿಗಳ ಆ್ಯಪ್‌ನಲ್ಲಿ ನಾನು ನೋಡುವುದು ಎರಡನ್ನೇ. ಮನಸ್ಸಿಗೆ ಬಂದದ್ದನ್ನು ಬರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮೊದಲನೆಯದು. ಫೋನು ತೆರೆದು, ಆ್ಯಪ್ ಹುಡುಕಿ, ವಿಭಾಗ ಆರಿಸಿ, ಶೀರ್ಷಿಕೆ ಕೊಟ್ಟು ಬರೆಯಬೇಕೆಂದರೆ ದಾರಿಯಲ್ಲಿ ನಡೆಯುತ್ತ ಹೊಳೆದ ವಿಚಾರ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಮುಖಪುಟದಲ್ಲೇ ಒಂದು ಗುಂಡಿ, ಒತ್ತಿದರೆ ಖಾಲಿ ಹಾಳೆ, ಬೇಕಾದರೆ ಮಾತನಾಡಿದ್ದನ್ನು ಅಕ್ಷರವಾಗಿಸುವ ಸೌಲಭ್ಯ, ಇಷ್ಟಿರಬೇಕು. ಎರಡನೆಯದು ಹುಡುಕಾಟ. ನೀವು ಬರೆಯುವ ಭಾಷೆಯಲ್ಲೇ ಒಂದು ಪದ ಕೊಟ್ಟು ಹುಡುಕಿ ನೋಡಿರಿ. ಅದು ಸರಿಯಾಗಿ ಸಿಕ್ಕಿದರೆ ವಿಭಾಗ, ಉಪವಿಭಾಗಗಳ ಗೊಡವೆಯೇ ಬೇಡ. ಗೂಗಲ್ ಕೀಪ್ ಮೊದಲನೆಯದರಲ್ಲಿ ಗಟ್ಟಿಗ. ಉದ್ದದ ಬರಹಕ್ಕೆ ಅದು ಒಗ್ಗುವುದಿಲ್ಲ.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ಪ್ರಶ್ನೆ: ಹೊರಗೆ ಬರುವ ಬಾಗಿಲು ಎಲ್ಲಿದೆ? ಹಲವು ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು. ಲಕ್ಷಾಂತರ ಜನರ ಮೆಚ್ಚಿನ ಕೆಲಸದ ಪಟ್ಟಿಯಾಗಿದ್ದ ವಂಡರ್‌ಲಿಸ್ಟ್ ಅನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರ ಮೇ ತಿಂಗಳಲ್ಲಿ ಮುಚ್ಚಿತು. ಇಮೇಲ್ ಬಳಕೆಗೆ ಹೊಸ ದಾರಿ ತೋರಿಸಿದ ಗೂಗಲ್ ಇನ್‌ಬಾಕ್ಸ್ 2014ರಲ್ಲಿ ಬಂದು 2019ರಲ್ಲಿ ಹೋಯಿತು. ಲೇಖನಗಳನ್ನು ಆಮೇಲೆ ಓದಲೆಂದು ಉಳಿಸಿಡುತ್ತಿದ್ದ ಪಾಕೆಟ್ 2025ರ ಜುಲೈನಲ್ಲಿ ಕೊನೆಗೊಂಡಿತು. ಇವು ಹಿಂದುಮುಂದಿಲ್ಲದ ಸಣ್ಣ ಆ್ಯಪ್‌ಗಳಲ್ಲ, ಹಿಂದೆ ದೊಡ್ಡ ಸಂಸ್ಥೆಗಳಿದ್ದಂಥವು. ಮುಚ್ಚದೆ ಉಳಿದವೂ ಬದಲಾಗುತ್ತವೆ: ಎವರ್‌ನೋಟ್ ತನ್ನ ಉಚಿತ ಬಳಕೆಯನ್ನು 2023ರ ಡಿಸೆಂಬರಿನಲ್ಲಿ 50 ಟಿಪ್ಪಣಿಗಳಿಗೆ ಮಿತಿಗೊಳಿಸಿತು. ಸಂಸ್ಥೆಗಳನ್ನು ದೂರುವುದು ನನ್ನ ಉದ್ದೇಶವಲ್ಲ, ಅವುಗಳಿಗೆ ಅವುಗಳ ಲೆಕ್ಕಾಚಾರವಿರುತ್ತದೆ. ಆದರೆ ಒಪ್ಪಿಸಿದ ನೆನಪು ನಮ್ಮದು.

ಆದ್ದರಿಂದ ಆ್ಯಪ್ ಹಾಕಿಕೊಂಡ ಮೊದಲ ದಿನವೇ ಐದು ಟಿಪ್ಪಣಿ ಬರೆದು, 'ಎಕ್ಸ್‌ಪೋರ್ಟ್' ಎಂಬ ಗುಂಡಿಯನ್ನು ಹುಡುಕಿ ಒತ್ತಿರಿ. ಹೊರಬಂದ ಕಡತವನ್ನು ಬೇರೆ ಆ್ಯಪ್‌ನಲ್ಲಿ ತೆರೆಯಿರಿ. ಅಕ್ಷರಗಳು ಸರಿಯಾಗಿವೆಯೇ, ಚಿತ್ರಗಳು ಬಂದಿವೆಯೇ, ದಿನಾಂಕಗಳು ಉಳಿದಿವೆಯೇ? ಕ್ಯಾಲೆಂಡರಿಗೆ 1998ರಿಂದಲೇ ಎಲ್ಲರೂ ಒಪ್ಪಿದ 'ಐಕ್ಯಾಲೆಂಡರ್' ಎಂಬ ಕಡತದ ರೂಪವಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಸಾಗುವುದು ಸುಲಭ. ಟಿಪ್ಪಣಿಗಳಿಗೆ ಅಂಥ ಸರ್ವಸಮ್ಮತ ರೂಪವಿಲ್ಲ. ಸರಳ ಪಠ್ಯ, ಅಥವಾ ಶೀರ್ಷಿಕೆ, ಪಟ್ಟಿ ಮುಂತಾದವನ್ನು ಸರಳ ಚಿಹ್ನೆಗಳಿಂದ ಗುರುತಿಸುವ, 2004ರಲ್ಲಿ ರೂಪುಗೊಂಡ ಮಾರ್ಕ್‌ಡೌನ್, ಅದಕ್ಕೆ ಹತ್ತಿರದವು. ಆಬ್ಸಿಡಿಯನ್‌ನಂಥ ಆ್ಯಪ್ ಟಿಪ್ಪಣಿಗಳನ್ನು ನಿಮ್ಮ ಸಾಧನದಲ್ಲೇ ಮಾರ್ಕ್‌ಡೌನ್ ಕಡತಗಳಾಗಿ ಇಡುವುದರಿಂದ, ನಾಳೆ ಆ ಆ್ಯಪ್ ಇಲ್ಲವಾದರೂ ಬರೆದದ್ದನ್ನು ಯಾವ ಸಾಧಾರಣ ಎಡಿಟರಿನಲ್ಲಿಯೂ ಓದಬಹುದು. ಕಲಿಯಲು ಸ್ವಲ್ಪ ಕಷ್ಟವೆಂಬುದು ನಿಜ. ನನ್ನ ಅನುಭವದ ನಂತರ ನಾನು ಆ ಕಷ್ಟವನ್ನು ಸಂತೋಷದಿಂದ ಪಟ್ಟಿದ್ದೇನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. 'ನನ್ನದೆಲ್ಲ ಕ್ಲೌಡ್‌ನಲ್ಲಿ ಸಿಂಕ್ ಆಗುತ್ತದೆ, ಬ್ಯಾಕಪ್ ಚಿಂತೆಯಿಲ್ಲ' ಎಂದು ಹಲವರು ಹೇಳುತ್ತಾರೆ. ಸಿಂಕ್ ಎಂದರೆ ಎಲ್ಲ ಸಾಧನಗಳಲ್ಲೂ ಒಂದೇ ಸ್ಥಿತಿಯನ್ನು ಕಾಯುವುದು. ಫೋನಿನಲ್ಲಿ ಕೈತಪ್ಪಿ ಒಂದು ಟಿಪ್ಪಣಿ ಅಳಿಸಿದರೆ ಅದು ಕಂಪ್ಯೂಟರಿನಲ್ಲಿಯೂ ನಿಷ್ಠೆಯಿಂದ ಅಳಿಸಿಹೋಗುತ್ತದೆ. ಬ್ಯಾಕಪ್ ಎಂದರೆ ನಿನ್ನೆಯದು ನಿನ್ನೆ ಇದ್ದ ಹಾಗೆಯೇ ಬೇರೊಂದು ಕಡೆ ಉಳಿದಿರುವುದು. ಎರಡೂ ಬೇಕು. ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇಟ್ಟರೆ ಸಾಮಾನ್ಯ ಬಳಕೆಗೆ ಅಷ್ಟು ಸಾಕು.

ಪಾಸ್‌ವರ್ಡ್‌ಗಳನ್ನು ಕಾಯುವ ಆ್ಯಪ್ ಉತ್ಪಾದಕತೆಯ ಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣಿಸುತ್ತದೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ, ಕ್ಯಾಲೆಂಡರಿನ ನಂತರ. ಎಲ್ಲ ಖಾತೆಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟರೆ ಒಂದು ಕಡೆ ಸೋರಿದ್ದು ಎಲ್ಲೆಡೆಯ ಬೀಗವನ್ನೂ ತೆರೆಯುತ್ತದೆ. ಬೇರೆ ಬೇರೆ ಇಟ್ಟರೆ ನೆನಪಿಡಲಾಗದೆ ದಿನವೂ ಹೊಸದಾಗಿ ಬದಲಿಸುತ್ತ ಹೊತ್ತು ಕಳೆಯುತ್ತದೆ. ಆ್ಯಪಲ್ ಮತ್ತು ಗೂಗಲ್ ಫೋನಿನೊಳಗೇ ಕೊಟ್ಟಿರುವ ವ್ಯವಸ್ಥೆ ಹೆಚ್ಚಿನವರಿಗೆ ಸಾಕು. ಬೇರೆ ಬೇರೆ ಬಗೆಯ ಸಾಧನ ಬಳಸುವವರಿಗೆ ಬಿಟ್‌ವಾರ್ಡನ್ ಇದೆ. ಎಲ್ಲವನ್ನೂ ತಮ್ಮ ಬಳಿಯೇ ಒಂದು ಕಡತದಲ್ಲಿ ಇಟ್ಟುಕೊಳ್ಳಬೇಕೆನ್ನುವವರಿಗೆ ಕೀಪಾಸ್ ಬಗೆಯವು ಇವೆ. ಈ ಎರಡರ ಮೂಲ ಸಂಕೇತವೂ (ಸೋರ್ಸ್ ಕೋಡ್) ಯಾರು ಬೇಕಾದರೂ ಓದಿ ಪರಿಶೀಲಿಸುವಂತೆ ತೆರೆದಿದೆ.

ಇದರ ಜೊತೆಗೆ ಬರುವುದು, ಪಾಸ್‌ವರ್ಡ್ ಕೊಟ್ಟ ಮೇಲೆ ಎರಡನೆಯ ಪುರಾವೆಯಾಗಿ ಕೊಡಬೇಕಾದ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕೆಗಳ ಸಂಖ್ಯೆಯನ್ನು ಕೊಡುವ ಅಥೆಂಟಿಕೇಟರ್ ಆ್ಯಪ್. ಅದು ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ, ಏಕೆಂದರೆ ಮೊದಲ ದಿನ ಕ್ಯೂಆರ್ ಕೋಡ್ ಮೂಲಕ ಪಡೆದ ಗುಪ್ತ ಕೀಲಿ ಮತ್ತು ಈಗಿನ ಸಮಯ, ಈ ಎರಡರಿಂದಲೇ ಆ ಸಂಖ್ಯೆ ಹುಟ್ಟುತ್ತದೆ. ಆ ಕೀಲಿ ಫೋನಿನಲ್ಲಿ ಮಾತ್ರ ಇದ್ದರೆ ಫೋನಿನೊಂದಿಗೆ ಅದೂ ಹೋಗುತ್ತದೆ. ಗೂಗಲ್ ಅಥೆಂಟಿಕೇಟರ್‌ನಲ್ಲಿ ಕೀಲಿಗಳನ್ನು ಖಾತೆಗೆ ಸಿಂಕ್ ಮಾಡುವ ಸೌಲಭ್ಯ ಬಂದದ್ದೇ 2023ರಲ್ಲಿ. ಆದ್ದರಿಂದ ಈ ಎರಡನೆಯ ಪುರಾವೆಯ ವ್ಯವಸ್ಥೆಯನ್ನು ಚಾಲೂ ಮಾಡಿದಾಗ, ಫೋನಿಲ್ಲದ ದಿನ ಖಾತೆಯೊಳಗೆ ಹೋಗಲೆಂದು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು, ಮನೆಯ ಮುಖ್ಯ ದಾಖಲೆಗಳ ಜೊತೆ ಇಡಿರಿ. ಇದು ಫೋನಿಗಿಂತ ಕಾಗದವೇ ಮೇಲಾದ ಕೆಲಸಗಳಲ್ಲಿ ಒಂದು.

ಅನುಮತಿಗಳ ಬಗೆಗೆ ಒಂದು ಘಟನೆಯನ್ನಷ್ಟೇ ಹೇಳುತ್ತೇನೆ. ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆಗಿದ್ದ ಒಂದು ಉಚಿತ ಟಾರ್ಚ್ ಆ್ಯಪ್, ಬಳಕೆದಾರರು ಇರುವ ಜಾಗದ ವಿವರವನ್ನು ಜಾಹೀರಾತು ಜಾಲಗಳಿಗೆ ಕಳುಹಿಸುತ್ತಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಆರೋಪಿಸಿ, ಅದರ ತಯಾರಕರೊಂದಿಗೆ ಒಪ್ಪಂದಕ್ಕೆ ಬಂದಿತು. ಬೆಳಕು ಕೊಡಲು ಜಾಗ ಗೊತ್ತಿರಬೇಕಾಗಿಲ್ಲ. ಕೆಲಸದ ಪಟ್ಟಿಗೆ ಫೋನ್‌ಬುಕ್ಕಾಗಲಿ, ಸ್ಕ್ಯಾನರಿಗೆ ಕರೆಗಳ ವಿವರವಾಗಲಿ ಬೇಕಾಗಿಲ್ಲ. ಕೇಳಿದಾಗ ಬೇಡವೆನ್ನಿರಿ, ನಿರಾಕರಿಸಿದ್ದಕ್ಕೆ ಕೆಲಸ ಮಾಡಲಾರೆನೆಂದರೆ ಅದನ್ನು ತೆಗೆದುಹಾಕಿರಿ. ಉಚಿತವಾದ ಆ್ಯಪ್ ಯಾವುದರಿಂದ ಗಳಿಸುತ್ತದೆ ಎಂಬುದನ್ನು ಅರ್ಧ ನಿಮಿಷ ಯೋಚಿಸಿದರೆ ಉತ್ತರ ಸಾಮಾನ್ಯವಾಗಿ ಹೊಳೆಯುತ್ತದೆ.

ನೋಟಿಫಿಕೇಶನ್‌ಗೂ ಇದೇ ಮಾತು. ಆಂಡ್ರಾಯ್ಡ್‌ನಲ್ಲಿ 13ನೆಯ ಆವೃತ್ತಿಯಿಂದ ಪ್ರತಿ ಹೊಸ ಆ್ಯಪ್ ಅದಕ್ಕೆ ಅನುಮತಿ ಕೇಳಲೇಬೇಕು. ಮನುಷ್ಯರು ಕಳುಹಿಸಿದ್ದು ಮತ್ತು ನಾನೇ ಹೊತ್ತು ಗೊತ್ತುಮಾಡಿ ಇಟ್ಟದ್ದು, ಈ ಎರಡಕ್ಕೆ ಮಾತ್ರ ನನ್ನ ಫೋನಿನಲ್ಲಿ ಸದ್ದು ಮಾಡುವ ಹಕ್ಕಿದೆ. 'ನೀವು ಮೂರು ದಿನದಿಂದ ನಮ್ಮನ್ನು ನೋಡಿಲ್ಲ' ಎಂದು ಕರೆಯುವ ಆ್ಯಪ್ ನನ್ನ ಕೆಲಸಕ್ಕಾಗಿ ಕರೆಯುತ್ತಿಲ್ಲ.

ಗಮನ ಕಾಯುವ ಟೈಮರ್‌ಗಳು, ಅಭ್ಯಾಸ ಎಣಿಸುವ ಆ್ಯಪ್‌ಗಳು, ಇವುಗಳ ಬಗೆಗೆ ಹೆಚ್ಚು ಹೇಳುವುದಿಲ್ಲ. 25 ನಿಮಿಷ ಕೆಲಸ ಮಾಡಿ ಸ್ವಲ್ಪ ಬಿಡುವು ತೆಗೆದುಕೊಳ್ಳುವ, ಪೊಮೊಡೊರೊ ಎಂದು ಹೆಸರಾದ ಪದ್ಧತಿಯನ್ನು 1980ರ ದಶಕದ ಕೊನೆಯಲ್ಲಿ ಫ್ರಾಂಚೆಸ್ಕೊ ಸಿರಿಲ್ಲೊ ರೂಪಿಸಿದ್ದು ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವೊಂದರಿಂದ. ಫೋನಿನ ಗಡಿಯಾರದಲ್ಲಿರುವ ಟೈಮರ್ ಅದಕ್ಕೆ ಸಾಕು.

ಮನೆಯವರೊಂದಿಗೋ ಸಹೋದ್ಯೋಗಿಗಳೊಂದಿಗೋ ಹಂಚಿಕೊಳ್ಳುವ ಪಟ್ಟಿಯಾದರೆ ಅಳತೆಗೋಲು ಬದಲಾಗುತ್ತದೆ. ಆಗ ನಿಮಗೆ ಯಾವುದು ಇಷ್ಟ ಎಂಬುದು ಮುಖ್ಯವಲ್ಲ, ಗುಂಪಿನಲ್ಲಿ ಫೋನನ್ನು ಅತಿ ಕಡಿಮೆ ಬಳಸುವವರು ಯಾವುದನ್ನು ತಾವಾಗಿ ತೆರೆಯುತ್ತಾರೆ ಎಂಬುದು ಮುಖ್ಯ. ಮನೆಯ ಸಾಮಾನಿನ ಪಟ್ಟಿಗೆಂದು ನಾನು ಆರಿಸಿದ ಒಳ್ಳೆಯ ಆ್ಯಪ್ ಒಂದನ್ನು ನನ್ನ ಅಕ್ಕ ಎರಡು ತಿಂಗಳು ತೆರೆಯಲೇ ಇಲ್ಲ. ಸಂದೇಶಗಳ ಗುಂಪಿನಲ್ಲಿ ಪಟ್ಟಿ ಹಾಕಲು ಶುರುಮಾಡಿದ ಮೇಲೆ ಒಂದು ವಸ್ತುವೂ ತಪ್ಪಿಲ್ಲ. ಆ ಕೆಲಸಕ್ಕೆ ಅದೇ ಸರಿಯಾದ ಆಯ್ಕೆಯಾಗಿತ್ತು.

ಕೊನೆಯದಾಗಿ, ಬಿಡುವ ಕ್ರಮ. ಹೊಸ ಆ್ಯಪ್ ನಿಮ್ಮ ನಿಜವಾದ ಕೆಲಸದಲ್ಲಿ ಎರಡು ವಾರ ನಿಂತಿತೆಂದಾದರೆ ಹಳೆಯದನ್ನು ಉಳಿಸಿಕೊಳ್ಳಬೇಡಿರಿ. ಎರಡು ಪಟ್ಟಿಗಳಿದ್ದರೆ ಯಾವುದನ್ನೂ ಪೂರ್ತಿ ನಂಬಲಾಗುವುದಿಲ್ಲ. ಆದರೆ ಐಕಾನನ್ನು ಒತ್ತಿ ಹಿಡಿದು ಅಳಿಸಿದ ಮಾತ್ರಕ್ಕೆ ಸಂಬಂಧ ಮುಗಿಯುವುದಿಲ್ಲ. ಮೊದಲು ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಕಡತ ತೆರೆಯುತ್ತದೆಂದು ಖಚಿತಪಡಿಸಿಕೊಳ್ಳಿರಿ. ಚಂದಾ ಕಟ್ಟುತ್ತಿದ್ದರೆ ಮಳಿಗೆಯ 'ಸಬ್‌ಸ್ಕ್ರಿಪ್ಶನ್ಸ್' ವಿಭಾಗಕ್ಕೆ ಹೋಗಿ ರದ್ದು ಮಾಡಿರಿ, ಏಕೆಂದರೆ ಆ್ಯಪ್ ಇಲ್ಲದ ಫೋನಿನಿಂದಲೂ ಚಂದಾ ಕಡಿತವಾಗುತ್ತಲೇ ಇರುತ್ತದೆ. ಆ ಬಳಿಕ ಆ್ಯಪ್‌ನ ಒಳಗಿನಿಂದಲೇ ಖಾತೆಯನ್ನು ಅಳಿಸಿರಿ. ಖಾತೆ ತೆರೆಯಲು ಅವಕಾಶ ಕೊಡುವ ಆ್ಯಪ್ ಅದನ್ನು ಅಳಿಸಲೂ ಅವಕಾಶ ಕೊಡಬೇಕೆಂದು ಆ್ಯಪಲ್ 2022ರ ಜೂನ್ ಕೊನೆಯಿಂದ ಕಡ್ಡಾಯ ಮಾಡಿದೆ, ಗೂಗಲ್ ಪ್ಲೇ ಕೂಡ ಅದೇ ನಿಯಮವನ್ನು ನಂತರ ತಂದಿದೆ. ಇಷ್ಟೆಲ್ಲ ಆದ ಮೇಲೆ ಐಕಾನನ್ನು ತೆಗೆಯಿರಿ.